ಕಾರ್ಟರ್ ರೋಡಿನ ಆಕ್ಟೋಪಸ್

ಮಾಟುಂಗದಿಂದ ಹೊರಟ ಮೂವರ ತಂಡಕ್ಕೆ ಗುರಿ ಒಂದೇ: ಆಕ್ಟೋಪಸ್! ಮುಂಬಯಿಗೆ ಬಂದ ಹೊಸತರಲ್ಲಿ ಕಾರ್ಟರ್ ರೋಡಿನ ಬಂಡೆಗಳ ನಡುವೆ ತಾನದನ್ನು ಕಂಡಿದ್ದೆನೆಂದು ಸೀನ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದ. ಹೆಂಡತಿ ವಿನೋದಿನಿ ನಂಬಿರಲಿಲ್ಲ. ಇಬ್ಬರೂ ಸೇರಿ ನಡೆಸುತ್ತಿದ್ದ ಹೋಟೆಲನ್ನು ಕಾಯಮ್ಮಾಗಿ ಮುಚ್ಚಿ ಬಿಡುವಾದ ಮೇಲೆ, ತೋರಿಸಿಯೇ ತೀರುತ್ತೇನೆಂದು ಹಟ ಹಿಡಿದ. ಕಡಲಿನ ಉಬ್ಬರ ಇಳಿತ ನೋಡಿಕೊಳ್ಳಲು ಮಗಳು ನಿಶಾ ಬ್ಯಾಂಕಿಗೆ ರಜೆ ಹಾಕಿ ಬಂದಳು.

ಸಂಜೆಯ ಇಳಿತಕ್ಕೆ ಕಡಲು ದೂರ ಸರಿದು ಕಪ್ಪು ಬಂಡೆಗಳೆಲ್ಲ ಮೇಲೆದ್ದಿದ್ದವು. ಹಸಿರು ಪಾಚಿ, ನಡುನಡುವೆ ನೀರು ನಿಂತ ಗುಂಡಿಗಳು, ಅವುಗಳಲ್ಲಿ ಏಡಿ, ಶಂಖದ ಹುಳು, ಜೊತೆಗೆ ಊರವರು ಎಸೆದ ಪ್ಲಾಸ್ಟಿಕ್. ವಾರದ ರಜೆಗೆ ಇಲ್ಲಿ ಕೂತು ನೆಲಗಡಲೆ ತಿನ್ನುತ್ತಿದ್ದ ದಿನಗಳು ವಿನೋದಿನಿಗೆ ನೆನಪಾದವು. ಆಗ ಸೀನನಿಗೆ ಕೂದಲೂ ಇತ್ತು, ಜಂಬವೂ ಇತ್ತು. ಈಗ ಕೂದಲು ಮಾತ್ರ ಹೋಗಿದೆ.

ಅವನು ಜಾರುತ್ತ, ಹಾರುತ್ತ ಎಲ್ಲರಿಗಿಂತ ಮುಂದೆ ಹೋಗಿ ಒಂದು ಗುಂಡಿಯ ಮೇಲೆ ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ.

"ಅಮ್ಮಾ, ನೀರು ಬರ್ತಾ ಉಂಟು! ಪಪ್ಪನ್ನ ಬುಲಾವೋ ನಾ, ಜಲ್ದಿ!" ನಿಶಾ ಕೂಗಿದಳು.

ಸೀನನ ಹಿಂದೆ ಬಂಡೆಗಳ ನಡುವಿನ ಸಂದಿಗೆ ನೀರು ನುಗ್ಗಿತ್ತು. ಇನ್ನು ಸ್ವಲ್ಪದರಲ್ಲಿ ದಾರಿ ಮುಚ್ಚುತ್ತದೆ. ಅವನಿಗೆ ಈಜು ಬಾರದು.

"ಹೋಯ್! ಎದ್ದು ಬನ್ನಿ ಮಾರಾಯ್ರೇ!" ವಿನೋದಿನಿ ಕೂಗಿದಳು.

ಸೀನ ಕದಲಲಿಲ್ಲ. ನಿಶಾ ಬಾಯಿಗೆ ಬೆರಳಿಟ್ಟು ಶಿಳ್ಳೆ ಹಾಕಿದಳು. ಊಹುಂ.

ವಿನೋದಿನಿಗೆ ಹೋಟೆಲು ನೆನಪಾಯಿತು. ಕಾವಲಿಯ ಮೇಲೆ ದೋಸೆ ಇದ್ದಾಗಲೂ ಹೀಗೇ, ಗಂಟಲು ಹರಿದುಕೊಂಡರೂ ತಿರುಗುತ್ತಿರಲಿಲ್ಲ. ಬೇಕೆಂದೇ ಕೇಳದವನಂತಿರುತ್ತಾನೆಂದು ಎಷ್ಟೋ ಸಲ ಮಾತು ಬಿಟ್ಟಿದ್ದಳು. ಕಡೆಗೆ ಕಾವಲಿಯ ಅಂಚಿಗೆ ಕರಿಬೇವು ಎಸೆಯುವುದನ್ನು ಕಲಿತಳು. ಕಣ್ಣಿಗೆ ಬಿದ್ದರೆ ತಿರುಗುತ್ತಿದ್ದ.

ತಿಂಡಿಯ ಡಬ್ಬಿ ತೆರೆದಳು. ಇಡ್ಲಿ!

ಮೊದಲನೆಯದು ಬಂಡೆಗೆ ಬಡಿದು ಪುಡಿಯಾಯಿತು. ಎರಡನೆಯದನ್ನು ಅಲೆ ನುಂಗಿತು. ಮುಂದಕ್ಕೆ ನುಗ್ಗಿ, ಗುರಿಯಿಟ್ಟು, ಇನ್ನೊಂದನ್ನು ಬೀಸಿದಳು. ಅದು ಗುಂಡಿಯ ನಟ್ಟನಡುವೆ ಬಿತ್ತು.

ಸೀನ ಸಿಟ್ಟಿನಿಂದ ತಲೆಯೆತ್ತಿದ. ಸುತ್ತಲೂ ನೀರು! ಮುಖ ಬಿಳಿಚಿಕೊಂಡಿತು. ಸಂದಿಗೆ ಇಳಿದ, ಸೊಂಟದವರೆಗೆ ಮುಳುಗಿದ, ನಿಶಾ ಎಸೆದ ದುಪಟ್ಟಾದ ತುದಿ ಹಿಡಿದ. ತಾಯಿ ಮಗಳು ಹಲ್ಲು ಕಚ್ಚಿ ಎಳೆದರು.

ದಡದಲ್ಲಿ ಮೂವರೂ ಏದುಸಿರು ಬಿಡುತ್ತ ಕುಸಿದು ಕೂತರು. ನಿಶಾ ಅಳುತ್ತಲೇ ಬೈದಳು. "ಅಮ್ಮಾ, ನಿನ್ನ ಮೇಲೂ ಅಲೆ ಬಂತು. ಹಿಂದೆ ಬಾ ಅಂತ ಎಷ್ಟು ಕೂಗಿದೆ! ತೂನೆ ಸುನಾ ಹೀ ನಹೀ, ಕೇಳ್ಲೇ ಇಲ್ಲ ನೀನು!"

ವಿನೋದಿನಿ ಬಗ್ಗಿ ನೋಡಿಕೊಂಡಳು. ಸೀರೆ ಮೊಣಕಾಲಿನ ಮೇಲಿನವರೆಗೂ ಒದ್ದೆ, ಒಂದು ಚಪ್ಪಲಿಯೇ ಇಲ್ಲ. ಮಗಳ ದನಿ ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ. ಎಷ್ಟು ವರ್ಷ ಸುಮ್ಮನೆ ಮುನಿಸಿಕೊಂಡೆನಲ್ಲ ಎಂದುಕೊಂಡು ಗಂಡನ ಕಡೆ ತಿರುಗಿದಳು.

"ಕಾವಲಿ ಎದುರು ನಿಂತಾಗ್ಲೂ ನಿಮಗೆ ನಿಜವಾಗಿ ಕೇಳ್ತಿರ್ಲಿಲ್ವಾ?"

"ಇಲ್ಲ ಮಾರಾಯ್ತಿ. ಹೇಳಿದ್ರೆ ನೀನು ನಂಬಬೇಕಲ್ಲ."

ಅವಳು ಅವನ ಒದ್ದೆ ಕೈ ಹಿಡಿದುಕೊಂಡಳು. "ಆಕ್ಟೋಪಸ್ ಇತ್ತಾ?"

"ಇತ್ತು. ನಿನ್ನ ಇಡ್ಲಿ ಬಿದ್ದ ಕೂಡ್ಲೇ ಓಡಿತು."

"ಇತ್ತು ಅಂದ್ರೆ ಇತ್ತು, ಬಿಡಿ," ಎಂದಳು ವಿನೋದಿನಿ. "ಏಳಿ, ಹೋಗುವ. ಲೋಕಲ್ ಟ್ರೇನ್ ರಶ್ ಆಗ್ತದೆ."