ಗಂಡುಹಳ್ಳ, ಹೆಣ್ಣುಹಳ್ಳ

ಕಲ್ಮಂಜಿ ಪಟ್ಟಣದ ಕೋಟೆಗೆ ಏಳು ಬಾಗಿಲು. ಆರನ್ನು ಶತ್ರುವಿನ ಆನೆಯೂ ದಾಟಿರಲಿಲ್ಲ. ಏಳನೆಯದನ್ನು ಪ್ರಧಾನಿ ದೇಕಣ್ಣನ ನೆಂಟರು ದಿನವೂ ದಾಟುತ್ತಿದ್ದರು. ಆಷಾಢದ ಆ ಬೆಳಿಗ್ಗೆ ಅರಮನೆಯ ಸೂರಿನಿಂದ ನೀರು ಧಾರೆಗಟ್ಟಿತ್ತು, ಲಾಯದಲ್ಲಿ ಆನೆಗಳು ಘೀಳಿಡುತ್ತಿದ್ದವು. ಒಳಗೆ ಸಭೆಯಲ್ಲಿ, ಒಂದು ಹೊಳೆ ಎಲ್ಲಿ ಹುಟ್ಟುತ್ತದೆಂಬುದನ್ನು, ಅದನ್ನೆಂದೂ ಕಾಣದ ನಲವತ್ತು ಮಂದಿ ನಿರ್ಧರಿಸುತ್ತಿದ್ದರು.

ಅದು ಸೀಗೆಹೊಳೆ. ನೆರೆಯ ಕೊಳಲೂರಿನೊಡನೆ ಆದ ಒಪ್ಪಂದದಂತೆ ಅದೇ ಗಡಿ. ಆದರೆ ಮೇಲೆ ಕಾಡಿನಲ್ಲಿ ಅದಕ್ಕೆ ಎರಡು ಕವಲು. ಗುಡ್ಡದ ಜನ ಗಂಡುಹಳ್ಳ ಎನ್ನುತ್ತಿದ್ದದ್ದು ಬೋಳುಬಂಡೆಯಿಂದ ಆರ್ಭಟಿಸಿ ಇಳಿಯುತ್ತಿತ್ತು. ಹೆಣ್ಣುಹಳ್ಳ ದಟ್ಟ ಕಾಡಿನ ಜೌಗಿನಲ್ಲಿ ಹುಟ್ಟಿ, ಜರಿಗಿಡಗಳ ಕೆಳಗೆ ಕಾಣದಂತೆ ಹರಿಯುತ್ತಿತ್ತು. ನಡುವೆ ಗುಡ್ಡದ ಜನ ವಾಸವಿದ್ದ ಒಂಬತ್ತು ಹಾಡಿಗಳು. ಗಂಡುಹಳ್ಳವೇ ಮೂಲವೆಂದಾದರೆ ಆ ಹಾಡಿಗಳು ಕೊಳಲೂರಿಗೆ, ಕೊಳಲೂರಿನ ಅರಸನ ತಂಗಿ ದೇಕಣ್ಣನ ಮನೆಗೆ ಸೊಸೆಯಾಗಿ. ಇದು ಅರಸನ ಹೊರತು ಎಲ್ಲರಿಗೂ ಗೊತ್ತಿತ್ತು.

"ಮಹಾಪ್ರಭು, ಗುಡ್ಡದವರೇ ಅದನ್ನು ಗಂಡೆಂದು ಕರೆದಿದ್ದಾರೆ," ಎಂದ ದೇಕಣ್ಣ. "ವಂಶ ಗಂಡಿನಿಂದಲ್ಲದೆ ಇನ್ನೆಲ್ಲಿಂದ?"

ಸಭೆ ತಲೆದೂಗಿತು. ಗಡಿ ಅಳೆದು ಕಲ್ಲು ನೆಡುವ ಅಧಿಕಾರಿ ಬೊಪ್ಪಯ್ಯ ಎದ್ದು ನಿಂತ.

"ಒಡೆಯಾ, ಮಳೆಯಲ್ಲಿ ಕೂಗಾಡಿ ಬೇಸಿಗೆಯಲ್ಲಿ ಬತ್ತುವುದನ್ನು ಅವರು ಗಂಡು ಎನ್ನುತ್ತಾರೆ. ಬತ್ತದಿರುವುದು ಹೆಣ್ಣು. ಗಂಡೆಂಬುದು ಬಿರುದಲ್ಲ, ಬೈಗುಳ."

"ಮದುವೆಯಾಗದವನು ಹೆಣ್ಣಿನ ಪಕ್ಷ ಹಿಡಿಯುವುದು ಸಹಜ," ಎಂದ ದೇಕಣ್ಣ. ಎಲ್ಲರೂ ನಕ್ಕರು.

ಅರಸ ಇರುಂಗರಸ ನಗಲಿಲ್ಲ. ಅವನಿಗೆ ಹಾಸ್ಯ ತಡವಾಗಿ ಅರ್ಥವಾಗುತ್ತಿತ್ತು. "ಸಾಕ್ಷಿ?"

"ಫಾಲ್ಗುಣದಲ್ಲಿ ತಾವೇ ಬಂದು ನೋಡಬೇಕು," ಎಂದ ಬೊಪ್ಪಯ್ಯ. "ಅಲ್ಲಿಯವರೆಗೆ ಕಲ್ಲು ನೆಡುವುದು ಬೇಡ. ಯಾರೂ ನೀರು ತಿರುಗಿಸದಂತೆ ನಾನು ಮೂಲದಲ್ಲೇ ಕಾಯುತ್ತೇನೆ. ಮಾತು ಸುಳ್ಳಾದರೆ ತಲೆ ತಮ್ಮದು."

"ಆಗಲಿ, ಮಹಾಪ್ರಭು," ಎಂದು ದೇಕಣ್ಣನೇ ಬೆಂಬಲಿಸಿದ. ಗುಡ್ಡದ ಚಳಿಜ್ವರ ಖಡ್ಗಕ್ಕಿಂತ ನಂಬಿಗಸ್ತ ಎಂದು ಅವನಿಗೆ ಗೊತ್ತಿತ್ತು.

ಬೊಪ್ಪಯ್ಯ ಜೌಗಿನ ಅಂಚಿನಲ್ಲಿ ಬಿದಿರಿನ ಗುಡಿಸಲು ಕಟ್ಟಿದ. ಶ್ರಾವಣವೆಲ್ಲ ಗಂಡುಹಳ್ಳದ ಅಬ್ಬರಕ್ಕೆ ಅವನ ಮಾತು ಅವನಿಗೇ ಕೇಳಿಸಲಿಲ್ಲ. ಆದ್ದರಿಂದ ಮಾತು ಬಿಟ್ಟ. ಕಾರ್ತೀಕದಲ್ಲಿ ಅಬ್ಬರ ಗೊಣಗಾಟವಾಯಿತು. ಮಾರ್ಗಶಿರದಲ್ಲಿ ಪಟ್ಟಣದಿಂದ ಅಕ್ಕಿ ಬರುವುದು ನಿಂತಿತು; ಯಾರ ಅಪ್ಪಣೆಯೆಂದು ಊಹಿಸಲು ಪಾಂಡಿತ್ಯ ಬೇಕಿರಲಿಲ್ಲ. ಪುಷ್ಯದಲ್ಲಿ ಗಂಡುಹಳ್ಳ ಪೂರ್ತಿ ಸುಮ್ಮನಾಯಿತು. ಅವನು ಕಾಯುತ್ತಿದ್ದದ್ದು ಅದಕ್ಕೇ. ಆದರೂ ಆ ಮೌನ ಅವನಿಗೆ ಒಗ್ಗಲಿಲ್ಲ.

ಎಂಟು ದಿನಕ್ಕೊಮ್ಮೆ ಹಾಡಿಯ ಮುದುಕಿ ದುಗ್ಗಿ ಗೆಡ್ಡೆ, ಜೇನು ತಂದಿಡುತ್ತಿದ್ದಳು.

"ಏನೋ ಅಳೆಯೋನೇ, ಊರೋರು ಕರೆಯೋಕೆ ಬರ್ಲಿಲ್ವಾ?"

"ಬರ್ತಾರೆ."

"ನೀನು ಹೇಳೋ ಸುಳ್ಳು ಇದೊಂದೇ ಕಣೋ."

ಮಾಘದಲ್ಲಿ ಅವನಿಗೆ ಜ್ವರ ಬಂತು. ಇಳಿದು ಬಾ, ಹಾಡಿಯಲ್ಲಿ ಬೆಂಕಿಯಿದೆ ಎಂದಳು. ನಾನು ಇಳಿದರೆ ನೀರು ತಿರುಗಿಸುತ್ತಾರೆ ಎಂದು ಅವನು ಕದಲಲಿಲ್ಲ.

ಫಾಲ್ಗುಣದಲ್ಲಿ ಅರಸ ಬಂದ. ದೇಕಣ್ಣನ ಪಲ್ಲಕ್ಕಿ ಹೊತ್ತವರು ಗಂಡುಹಳ್ಳವನ್ನು ಪಾದ ಒದ್ದೆಯಾಗದೆ ದಾಟಿದರು. ಆಚೆ, ಜರಿಗಿಡಗಳ ಕೆಳಗೆ ನೀರಿನ ಸದ್ದು. ಗುಡಿಸಲ ಪಕ್ಕ ಒಂದು ಮಣ್ಣಿನ ದಿಬ್ಬ, ಅದರ ಬಳಿ ದುಗ್ಗಿ.

"ಬೊಪ್ಪಯ್ಯ ಎಲ್ಲಿ?" ಎಂದ ಅರಸ.

ಅವಳು ದಿಬ್ಬ ತೋರಿಸಿದಳು. "ಸಾಯೋಕ್ಮುಂಚೆ ನೀರು ಕೇಳ್ದ, ಸ್ವಾಮಿ. ಈ ಹೆಣ್ಣಿಂದ ತಂದು ಬಾಯಿಗೆ ಬಿಟ್ಟೆ. ನಿಮ್ಮ ಗಂಡುಹಳ್ಳಾನ ನಂಬಿದ್ರೆ ಮರಳು ಸುರೀಬೇಕಿತ್ತು."

ಅರಸ ಕುಕ್ಕುರುಗಾಲಲ್ಲಿ ಕುಳಿತು, ಬೊಗಸೆಯಲ್ಲಿ ನೀರೆತ್ತಿ ಕುಡಿದ. ದೇಕಣ್ಣನೂ ಭಕ್ತಿಯಿಂದ ಬಗ್ಗಿದ.

"ಇಲ್ಲಿ ಅಲ್ಲ, ಪ್ರಧಾನಿಗಳೇ," ಎಂದ ಇರುಂಗರಸ. "ನಿಮ್ಮ ಹಳ್ಳದಲ್ಲಿ ಕುಡಿಯಿರಿ."

ಈ ಸಲ ಯಾರೂ ನಗಲಿಲ್ಲ.

ಹೆಣ್ಣುಹಳ್ಳದ ಮೂಲದಲ್ಲಿ ಗಡಿಕಲ್ಲು ನೆಟ್ಟರು. ಶಾಸನದಲ್ಲಿ ಅರಸನ ಬಿರುದುಗಳೇ ಹದಿನಾರು ಸಾಲು. ಬೊಪ್ಪಯ್ಯನ ಹೆಸರಿಗೆ ಜಾಗ ಉಳಿಯಲಿಲ್ಲ. ಪರಿವಾರ ಗುಡ್ಡ ಇಳಿದ ಮೇಲೆ ದುಗ್ಗಿ ದಿಬ್ಬದ ಹತ್ತಿರ ಬಂದು, ತಂದಿದ್ದ ಗೆಡ್ಡೆಯನ್ನು ಅಭ್ಯಾಸಬಲದಿಂದ ಇಟ್ಟಳು.

"ಬಂದಿದ್ರು ಕಣೋ, ಅಳೆಯೋನೇ," ಎಂದಳು. "ಅದೂ ಸುಳ್ಳಲ್ಲ."