ಖಾಲಿಯಾಗುತ್ತಿದ್ದ ಚೀಲ

ಚೀಲಕ್ಕೆ ಹಾಕಿದ ಬ್ಯಾಟರಿ ಮತ್ತೆ ಮಾಯವಾಗಿತ್ತು!

ಶಗುಫ್ತಾ ಇನ್ನೊಮ್ಮೆ ಆಟ ಶುರು ಮಾಡಿದಳು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಅವಳು ಬರೆದ ಮೊದಲ ಆಟ—ಚಿತ್ರಗಳಿಲ್ಲ, ಬರೀ ಮಾತು. ಲೋಂಡಾ ಕಾಡಿನಲ್ಲಿ ದಾರಿ ತಪ್ಪಿದವರು ಬ್ಯಾಟರಿ ಹುಡುಕಿಕೊಂಡು, ಕತ್ತಲ ಸುರಂಗ ದಾಟಿ ಸ್ಟೇಷನ್ ಸೇರಬೇಕು. ‘ಬ್ಯಾಟರಿ ತಗೋ’ ಎಂದು ಟೈಪ್ ಮಾಡಿದಳು. ಸಿಕ್ಕಿತು. ‘ಮುಂದೆ ಹೋಗು’ ಎಂದಳು.

‘ನಿಮ್ಮ ಚೀಲ ಖಾಲಿ’ ಎಂದಿತು ಪರದೆ.

ಮಧ್ಯಾಹ್ನ ಖಾನಾಪುರದ ಶಾಲೆಯೊಂದರ ಹೆಡ್‌ಮಾಸ್ತರು ಇಂಥ ಕೆಲಸ ನೋಡಿ ಒಬ್ಬರನ್ನು ಆರಿಸಲು ಬರುವವರಿದ್ದರು. ಅವರಿಗೆ ಕಂಪ್ಯೂಟರ್ ಟೀಚರ್ ಬೇಕಿತ್ತು. ವಡಗಾವಿಯ ಈ ತರಬೇತಿ ಕೇಂದ್ರದಿಂದ ಆ ಕೆಲಸ ಕೇಳಿದವರು ಇಬ್ಬರೇ—ಶಗುಫ್ತಾ ಮತ್ತು ಕಲ್ಮೇಶ.

ಕೇಂದ್ರದ ಪ್ರಮಿಳಾ ಮೇಡಂ, ಶಗುಫ್ತಾ ಮತ್ತು ಅವಳ ಗೆಳತಿ ರೂಪಾಲಿಯ ನಡುವೆ ಕುರ್ಚಿ ಎಳೆದುಕೊಂಡರು.

“ಮೊದಲು ಸರಿ ಇತ್ತೇನು?”

“ಖರೇನ ಸರಿ ಇತ್ರಿ. ಒಂದಽ ಮಾತು ಹತ್ತು ಕಡೆ ಬರದಿದ್ನಿ. ನಿನ್ನೆ ಸಂಜೀಕ ನಮ್ಮ ಮನ್ಯಾಗ ಈ ರೂಪಾಲಿ ಅವನ್ನೆಲ್ಲಾ ತಗದು, ಒಮ್ಮೆ ಬರದು ಎಲ್ಲಾ ಕಡೆ ಕರಿಯೂವಂಥ ಒಂದು ಫಂಕ್ಷನ್ ಮಾಡಿಕೊಟ್ಲು. ಮುಂಜಾನೆ ಈ ಕಂಪ್ಯೂಟರಿನ್ಯಾಗ ಹಾಕಿ, ಚಾ ಕುಡ್ಯಾಕ ಹೋಗಿದ್ವಿ.”

“ತಿದ್ದಿದ ಮ್ಯಾಲ ಆಡಿ ನೋಡಿದ್ರಿ?”

“ಇಲ್ರಿ…”

ಪ್ರಮಿಳಾ ಒಂದೊಂದೇ ಸಾಲು ಓದುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಚೀಲ ಖಾಲಿ ಮಾಡುವ ಸಾಲು ಆಟದ ಆರಂಭದಲ್ಲಿ ಒಮ್ಮೆ ಮಾತ್ರ ಬರಬೇಕು. ಅದು ಮತ್ತೆ ಮತ್ತೆ ನಡೆಯುವ ಫಂಕ್ಷನ್ನಿನ ಒಳಗೆ ಕೂತಿತ್ತು. ಪ್ರತಿ ಹೆಜ್ಜೆಗೂ ಚೀಲ ಖಾಲಿಯಾಗುತ್ತಿತ್ತು.

“ಆ ಸಾಲು ನಾ ಮುಟ್ಟಿಲ್ಲ, ಶಗುಫ್ತಾ,” ಎಂದಳು ರೂಪಾಲಿ.

ಶಗುಫ್ತಾ ಅವಳತ್ತ ನೋಡಲಿಲ್ಲ.

ಪ್ರಮಿಳಾ ಕೆಳಮಹಡಿಯಿಂದ ಕಲ್ಮೇಶನನ್ನು ಕರೆಸಿದರು.

“ಶಗುಫ್ತಾನ ಆಟ ಕೆಟ್ಟೈತಿ. ನೀ ಅದನ್ನ ಯಾವಾಗ ನೋಡಿದ್ದಿ?”

“ಹೋದ ವಾರ ಕ್ಲಾಸಿನ್ಯಾಗ ತೋರಿಸಿದಾಗರಿ. ಆಮ್ಯಾಲ ನೋಡಿಲ್ಲ.”

“ಯಾಕ ಕೆಟ್ಟಿರಬೇಕು?”

“ರೂಪಾಲಿದಽ ತಪ್ಪು ಇರಬೇಕ್ರಿ. ಚಂದ ನಡದಿದ್ದನ್ನ ಫಂಕ್ಷನ್ ಮಾಡಾಕ ಹೋಗ್ಯಾಳ. ಬರಂಗಿಲ್ಲಂದ್ರ ಕೈ ಹಚ್ಚಬಾರ್ದು.”

ರೂಪಾಲಿಯ ಕಣ್ಣು ತುಂಬಿದವು. ಪ್ರಮಿಳಾ ಮಾತ್ರ ಮೆಲ್ಲಗೆ ಕೇಳಿದರು—

“ಹೋದ ವಾರ ಇದ್ರಾಗ ಫಂಕ್ಷನ್ ಇರಲೇ ಇಲ್ಲ, ಕಲ್ಮೇಶ. ಅದು ಆಗಿದ್ದು ನಿನ್ನೆ ಸಂಜೀಕ, ಶಗುಫ್ತಾನ ಮನ್ಯಾಗ. ಇಲ್ಲಿಗೆ ಬಂದಿದ್ದು ಇವತ್ತ. ನಾ ಬರೀ ಕೆಟ್ಟೈತಿ ಅಂದ್ನಿ. ಫಂಕ್ಷನ್ ಸುದ್ದಿ ನಿನಗ ಹೆಂಗ ಗೊತ್ತಾತು?”

ಕಲ್ಮೇಶ ಬಾಗಿಲ ಕಡೆ ನೋಡಿದ. ಆಮೇಲೆ ನೆಲ ನೋಡಿದ.

“ಖಾನಾಪುರದ ಆ ಶಾಲಿ ನಾ ಕಲ್ತಿದ್ದುರಿ. ನಮ್ಮೂರಂದು. ನನಗಽ ಸಿಗಬೇಕಂತ… ಇವರು ಚಾಕ್ಕ ಹೋದಾಗ ಒಂದು ಸಾಲು ಸರಿಸಿದ್ನಿ.”

“ರೂಪಾಲಿ ಮ್ಯಾಲ ಬರತೈತಿ ಅಂತ ಗೊತ್ತಿತ್ತು?”

“…ಗೊತ್ತಿತ್ರಿ.”

“ಹಂಗಾದ್ರ ಆ ಕೆಲಸಕ್ಕ ಮಾಸ್ತರ ಮುಂದ ನಿನ್ನ ಹೆಸರು ನಾ ಹೇಳಂಗಿಲ್ಲ. ಹೋಗು.”

ಅವನು ಹೋದ ಮೇಲೆ ಶಗುಫ್ತಾ ರೂಪಾಲಿಯತ್ತ ತಿರುಗಿದಳು.

“ನಾನೂ ನಿನ್ನ ಮ್ಯಾಲ ಸಂಶೆ ಪಟ್ನಿ, ರೂಪಾಲಿ.”

“ಕಾಣ್ತಿತ್ತು,” ಎಂದಳು ರೂಪಾಲಿ. ಕಣ್ಣೊರೆಸಿಕೊಂಡು ತನ್ನ ಕುರ್ಚಿಯನ್ನು ಹತ್ತಿರ ಎಳೆದಳು. “ಸ್ವಲ್ಪ ಆಕಡೆ ಸರಿ. ಆ ಸಾಲು ಮೊದಲಿನ ಜಾಗಕ್ಕ ಇಟ್ಟು, ಮಾಸ್ತರು ಬರೂದ್ರಾಗ ಆಡಿ ನೋಡೂಣು.”