ಅಪ್ಪನ ಶಿಳ್ಳೆ

ನೊಯೆಮಿಯ ಬಾಯಿಂದ ಮತ್ತೆ ಬರೀ ಗಾಳಿ ಬಂತು.

ಸ್ಕೂಲ್ ಬಸ್ಸಿನ ಹಿಂದಿನ ಸೀಟಿನಿಂದ ಎಫ್ರೇನ್ ತಲೆ ತೂರಿಸಿದ. "ಏನೇ, ಬಿಸಿ ಸೂಪ್ ಆರಿಸ್ತಿದ್ದೀಯಾ?"

ಎಲ್ಲರೂ ನಕ್ಕರು. ನೊಯೆಮಿ ಕಿಟಕಿಯ ಕಡೆ ತಿರುಗಿ ಎರಡು ಬೆರಳನ್ನು ಪುನಃ ನಾಲಿಗೆಯ ಕೆಳಗಿಟ್ಟಳು.

ಅಪ್ಪನ ಶಿಳ್ಳೆ ಹೀಗಿತ್ತು: ಮೊದಲು ಉದ್ದಕ್ಕೆ, ಆಮೇಲೆ ತುಂಡು ತುಂಡು, ಕೊನೆಗೆ ಹಕ್ಕಿ ಹಾರಿದ ಹಾಗೆ ಮೇಲಕ್ಕೆ. ಪೀಚ್ ತೋಟದಲ್ಲಿ ಎಲ್ಲ ಸಾಲುಗಳೂ ಒಂದೇ ಥರ. ಏಣಿ ಹತ್ತಿ ಹಣ್ಣು ಕೀಳುವವರು ಎಲೆಗಳ ನಡುವೆ ಕಾಣಿಸುವುದೇ ಇಲ್ಲ. ಅದಕ್ಕೇ ಮಕ್ಕಳನ್ನು ಕರೆಯಲು ಒಂದೊಂದು ಮನೆಯವರಿಗೂ ಒಂದೊಂದು ಶಿಳ್ಳೆ. ಅಪ್ಪನದು ತಾತನಿಂದ ಬಂದದ್ದು. ದೂರದ ತಾಯ್ನಾಡು ಮಿಚೋಆಕಾನ್‌ನ ಗುಡ್ಡದಲ್ಲಿ ತಾತ ಹಾಗೆ ಶಿಳ್ಳೆ ಹಾಕಿ ಆಡು ಕರೆಯುತ್ತಿದ್ದನಂತೆ. "ನನಗೆ ನೀವೇ ಆಡುಗಳು" ಎಂದು ಅಪ್ಪ ನಗುತ್ತಿದ್ದ.

ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಈಗ ಏಣಿ ಹತ್ತುವವಳು ಅಮ್ಮ. ಅಮ್ಮನಿಗೆ ಶಿಳ್ಳೆ ಬಾರದು.

ಮೊನ್ನೆ ಪುಟ್ಟ ತಮ್ಮ ತೋನ್ಯೊ ಕೇಳಿದ್ದ, "ಅಕ್ಕಾ, ಅಪ್ಪನ ಶಿಳ್ಳೆ ಹೆಂಗಿತ್ತು?" ನೊಯೆಮಿ ಬಾಯಲ್ಲೇ ರಾಗ ಎಳೆದು ತೋರಿಸಿದಳು. "ಅದಲ್ಲ" ಅಂದುಬಿಟ್ಟ. ಇವನು ಪೂರ್ತಿ ಮರೆಯುವ ಮೊದಲು ಕಲಿತೇ ಕಲಿಯುತ್ತೇನೆ ಎಂದು ಅವಳು ಅಂದೇ ಹಟ ತೊಟ್ಟಳು.

ಪಾತ್ರೆ ತೊಳೆಯುವಾಗ ಊದಿದಳು. ತೋರ್ತಿಯಾ ರೊಟ್ಟಿ ಕಾಯಿಸುವಾಗ ಊದಿದಳು. ತುಟಿ ಒಡೆಯಿತು. ಪಕ್ಕದ ಮನೆಯ ಮುದುಕಿ ದೋನ್ಯಾ ಕುಕಾ, ಹುಡುಗಿಗ್ಯಾಕೆ ಗಂಡಸರ ಶಿಳ್ಳೆ ಎಂದು ಬೈದಳು. ಬೈದು ಹೋದವಳು ಬಾಗಿಲಿನಿಂದ ತಿರುಗಿ, "ನಾಲಿಗೆ ತುದಿ ಒಳಗೆ ಮಡಚ್ಕೋ ಕಣೇ" ಎಂದಳು.

ಶನಿವಾರ ತೋಟದಲ್ಲಿ ಊಟದ ಹೊತ್ತಿಗೆ ತೋನ್ಯೊ ಕಾಣಲಿಲ್ಲ. ಅಮ್ಮ ಏಣಿಯ ಮೇಲಿನಿಂದಲೇ ಕೂಗಿದಳು. ಟ್ರ್ಯಾಕ್ಟರಿನ ಸದ್ದು ಅವಳ ಕೂಗನ್ನು ನುಂಗಿತು. ತೋಟದ ಆ ತುದಿಯಲ್ಲಿ ಆಳದ ಕಾಲುವೆ.

ನೊಯೆಮಿಯ ಕಾಲುಗಳು ಓಡಲು ಹೊರಟವು. ಆದರೆ ಅಪ್ಪನ ಮಾತು ನೆನಪಾಯಿತು: "ಕರೆಯೋರು ನಿಂತಲ್ಲೇ ನಿಲ್ಬೇಕು. ಅವರೂ ಓಡಿದ್ರೆ ಮಗು ಯಾರ ಹತ್ರ ಬರತ್ತೆ?"

ಅವಳು ಬುಟ್ಟಿ ಬೋರಲು ಹಾಕಿ ಹತ್ತಿ ನಿಂತಳು. ಬೆರಳಿಗಂಟಿದ ಪೀಚ್ ಹಣ್ಣಿನ ನವಿರು ಒರೆಸಿಕೊಂಡಳು. ನಾಲಿಗೆ ಮಡಚಿ ಊದಿದಳು. ಗಾಳಿ. ಕಣ್ಣು ಮುಚ್ಚಿ, ಹೊಟ್ಟೆಯಿಂದ ಉಸಿರೆಳೆದು ಮತ್ತೆ ಊದಿದಳು.

ಶಿಳ್ಳೆ ಸಾಲುಗಳನ್ನು ಸೀಳಿಕೊಂಡು ಹೋಯಿತು. ಏಣಿ ಇಳಿಯುತ್ತಿದ್ದ ಅಮ್ಮ ಅರ್ಧಕ್ಕೇ ನಿಂತುಬಿಟ್ಟಳು. ನೊಯೆಮಿ ನಿಲ್ಲಿಸಲಿಲ್ಲ. ಮತ್ತೆ ಮತ್ತೆ ಹಾಕಿದಳು.

ಮರಗಳ ನಡುವಿನಿಂದ ತೋನ್ಯೊ ಓಡಿ ಬಂದ. ಒಂದು ಕಾಲಲ್ಲಿ ಶೂ ಇಲ್ಲ, ಮುಖ ತುಂಬ ನಗು. ಅಕ್ಕನನ್ನು ದಾಟಿ ಏಣಿಯ ಬುಡಕ್ಕೇ ಹೋಗಿ ತಲೆಯೆತ್ತಿ ನೋಡಿದ. ಮೇಲಿದ್ದದ್ದು ಅಮ್ಮ. ಮರದ ಹಿಂದೆಯೂ ಇಣುಕಿದ.

"ಅಪ್ಪ ಎಲ್ಲಿ?"

ಅವನ ನಗು ಮೆಲ್ಲಗೆ ಆರಿತು. ಆಮೇಲೆ ಅಕ್ಕನ ಒದ್ದೆ ಬೆರಳು ಕಂಡಿತು.

"ನೀನಾ?"

ನೊಯೆಮಿ ಹೌದೆಂದು ತಲೆಯಾಡಿಸಿದಳು.

ಅವನು ಸಾಲಿನಲ್ಲಿ ಒಂದಷ್ಟು ದೂರ ನಡೆದು, ಬೆನ್ನು ತಿರುಗಿಸಿ ನಿಂತುಕೊಂಡ.

"ಇನ್ನೊಂದ್ಸಲ ಹಾಕು. ಬರ್ತೀನಿ."

ನೊಯೆಮಿ ಹಾಕಿದಳು. ಈ ಸಲ ಅವನು ಏಣಿಯ ಕಡೆ ನೋಡಲಿಲ್ಲ. ನೇರ ಅವಳ ಹತ್ತಿರಕ್ಕೇ ಓಡಿ ಬಂದ.